ಹುಲ್ಲು ತಾನೇ

ನನ್ನ ಅಂಗಡಿಯಲ್ಲಿ ಕೂರುವುದಕ್ಕೆ ಇರುವುದು ಒಂದೇ ಸ್ಟೂಲು. ಅದೂ ಗಿರಾಕಿಗಳಿಗೆ. ನನಗೆ ಕೂತು ಅಭ್ಯಾಸವಿಲ್ಲ. ಹಿಂದಿನ ಕೋಣೆಗೆ ಹೋಗಿ ಗೋಧಿ ಹುಲ್ಲಿನ ಟ್ರೇಗಳಿಗೆ ನೀರು ಚಿಮುಕಿಸಬೇಕು, ಕತ್ತರಿ ಹಿಡಿದು ಹುಲ್ಲು ಕತ್ತರಿಸಿ ತರಬೇಕು, ಮುಂದೆ ಬಂದು ಯಂತ್ರ ತಿರುಗಿಸಿ ರಸ ಹಿಂಡಬೇಕು, ಮತ್ತೆ ಹಿಂದಕ್ಕೆ ಓಡಬೇಕು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅಮ್ಮ ಬೈಯುತ್ತಿದ್ದಳು.

ಆ ಚಕ್ರ ಒಂಬತ್ತು ದಿನ ನಿಂತುಹೋಯಿತು. ಕೋಣೆಯ ಫ್ಯಾನು ಕೆಟ್ಟದ್ದು ನನ್ನ ಗಮನಕ್ಕೆ ಬರುವ ಹೊತ್ತಿಗೆ ಇದ್ದಬದ್ದ ಟ್ರೇಗಳಿಗೆಲ್ಲ ಬೂಸ್ಟು ಹಿಡಿದಿತ್ತು. ಮೇಲೆ ನೋಡಿದರೆ ಹಸಿರೋ ಹಸಿರು, ಬುಡದಲ್ಲಿ ಬೂದು ಬಣ್ಣದ ಹತ್ತಿ. ಅಷ್ಟನ್ನೂ ಎಸೆದೆ, ಟ್ರೇಗಳನ್ನು ಕುದಿಯುವ ನೀರಿನಲ್ಲಿ ತೊಳೆದೆ, ಹೊಸ ಗೋಧಿ ನೆನೆಹಾಕಿದೆ. ನೆನೆಯಲು ಒಂದು ದಿನ, ಮೊಳಕೆಗೆ ಒಂದು ದಿನ, ಗೇಣುದ್ದ ಬೆಳೆಯಲು ಏಳು ದಿನ. ಬೈದರೆ ಹುಲ್ಲು ಬೇಗ ಬೆಳೆಯುವುದಿಲ್ಲ, ಬೈದು ನೋಡಿದ್ದೇನೆ. ಬಂದವರಿಗೆ ಕ್ಯಾರೆಟ್ ರಸ ಕೊಟ್ಟು "ಇನ್ನೆರಡು ದಿನ, ಇನ್ನೆರಡು ದಿನ" ಎನ್ನುತ್ತಾ ಅಂಗಡಿಯೊಳಗೇ ಶತಪಥ ಹಾಕುತ್ತಿದ್ದೆ.

ಎಲ್ಲರಿಗಿಂತ ಹೆಚ್ಚು ಸಪ್ಪಗಾದವರು ಗಡಿಯಾರದ ಯಜಮಾನರು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿ, ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿದವರು. ಅವರ ಎದೆಯಲ್ಲೂ ಒಂದು ಗಡಿಯಾರವಿತ್ತು. ಹೃದಯದ ಕವಾಟ ಹಾಳಾಗಿದೆ ಎಂದು ಅದನ್ನು ತೆಗೆದು ಲೋಹದ್ದು ಕೂರಿಸಿದ್ದರು. ಬೀದಿಯಲ್ಲಿ ಗದ್ದಲ ಇಲ್ಲದಿದ್ದರೆ, ಸ್ಟೂಲಿನ ಮೇಲೆ ಕೂತ ಅವರ ಅಂಗಿಯೊಳಗಿಂದ ಟಿಕ್ ಟಿಕ್ ಎಂದು ಕೇಳಿಸುತ್ತಿತ್ತು. "ಸೆಲ್ ಹಾಕೋ ಹಾಗಿಲ್ಲ, ಕೀಲಿ ಕೊಡೋ ಹಾಗಿಲ್ಲ. ಇಂಥದ್ದೊಂದನ್ನ ನನ್ನ ಜನ್ಮದಲ್ಲಿ ಮಾಡ್ಲಿಲ್ಲ ನೋಡು" ಎಂದು ಅವರೇ ನಗುತ್ತಿದ್ದರು.

ಆರು ತಿಂಗಳ ಹಿಂದೆ ಮೊದಲ ಸಲ ಬಂದಾಗ ಅವರು ನನ್ನ ಬೋರ್ಡನ್ನು ಬಹಳ ಹೊತ್ತು ಓದಿದ್ದರು. "ರಕ್ತ ವೃದ್ಧಿ, ಶಕ್ತಿ ವೃದ್ಧಿ. ಒಂದು ಲೋಟ ರಸ ಎರಡು ಕಿಲೋ ತರಕಾರಿಗೆ ಸಮ." ಯಾರು ತೂಗಿ ನೋಡಿದರೋ ನನಗೂ ಗೊತ್ತಿಲ್ಲ. ಬೋರ್ಡು ಬರೆದವನು ಇನ್ನೊಂದು ಅಂಗಡಿಯ ಬೋರ್ಡು ನೋಡಿ ಬರೆದಿದ್ದ. ನಾನು ಸುಮ್ಮನಿರದೆ ಎಲ್ಲರಿಗೂ ಹೇಳುವ ಕೋಳಿಯ ಕಥೆಯನ್ನು ಅವರಿಗೂ ಹೇಳಿದೆ. ಸುಮಾರು ನೂರು ವರ್ಷದ ಹಿಂದೆ ದೂರದ ದೇಶದಲ್ಲಿ ಯಾರೋ ಒಬ್ಬ ಸೊರಗಿದ ಕೋಳಿಗಳಿಗೆ ಗೆಣ್ಣು ಕಟ್ಟುವ ಮುಂಚಿನ ಎಳೆ ಹುಲ್ಲು ತಿನ್ನಿಸಿದನಂತೆ. ಅವು ಚೇತರಿಸಿಕೊಂಡು ಮೊಟ್ಟೆಯ ಮೇಲೆ ಮೊಟ್ಟೆ ಇಟ್ಟವಂತೆ. ಆಮೇಲೆ ಆ ಹುಲ್ಲನ್ನೇ ಒಣಗಿಸಿ, ಪುಡಿ ಮಾಡಿ, ಡಬ್ಬಿಗೆ ತುಂಬಿ ಮನುಷ್ಯರಿಗೂ ಮಾರಿದರಂತೆ.

"ನಾನು ಮೊಟ್ಟೆ ಇಟ್ರೆ ಮೊದಲನೇದು ನಿನಗೇ, ಹುಲ್ಲಮ್ಮ" ಎಂದರು. ಅವತ್ತಿನಿಂದ ನಾನು ಹುಲ್ಲಮ್ಮ.

ಲೋಟ ಕೈಗೆ ತೆಗೆದುಕೊಂಡು ಅವರು ಒಂದು ಮಾತು ಕೇಳಿದ್ದರು. "ನಾನು ದಿನಾ ಒಂದು ಮಾತ್ರೆ ತಗೋತೀನಿ. ಇದನ್ನ ಕುಡಿದ್ರೆ ಏನೂ ತೊಂದ್ರೆ ಇಲ್ವಲ್ಲ?"

"ಹುಲ್ಲು ತಾನೇ ಯಜಮಾನ್ರೇ, ಏನಾಗುತ್ತೆ?" ಎಂದಿದ್ದೆ ನಾನು. ಯಾವ ಮಾತ್ರೆ ಎಂದು ಕೇಳಲಿಲ್ಲ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು.

ದಿನಾ ಬೆಳಿಗ್ಗೆ ವಾಕಿಂಗ್ ನೆಪದಲ್ಲಿ ಬಂದು ಒಂದು ಲೋಟ ಕುಡಿದು, ಬಿಳಿ ಕರವಸ್ತ್ರದಿಂದ ಮೀಸೆ ಒರೆಸಿಕೊಂಡು, ನನ್ನ ಸ್ಟೀಲ್ ತಟ್ಟೆಯಲ್ಲಿ ಮುಖ ನೋಡಿಕೊಂಡು ಹೋಗುತ್ತಿದ್ದರು. ಮನೆಯಲ್ಲಿ ಮಗಳಿದ್ದಳು. ದೊಡ್ಡಾಸ್ಪತ್ರೆಯ ಎದುರು ಮೆಡಿಕಲ್ ಶಾಪ್ ನಡೆಸುವವಳು. "ಉಪ್ಪು ಬಿಡಿಸಿದ್ಲು, ಕಾಫಿ ಬಿಡಿಸಿದ್ಲು, ಮನೆಗೆ ಸೊಪ್ಪು ತರೋದನ್ನೇ ಬಿಟ್ಲು. ನನಗೆ ಅಂತ ಉಳಿದಿರೋದು ಇದೊಂದು ಲೋಟ. ನೀನೆಲ್ಲಾದ್ರೂ ಬಾಯಿ ಬಿಟ್ಟೀಯ" ಎನ್ನುತ್ತಿದ್ದರು. ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಬೂಸ್ಟು ಹಿಡಿದ ಮೇಲೂ ನಾಲ್ಕು ದಿನ ಬಂದು ಸ್ಟೂಲಿನ ಮೇಲೆ ಕೂತು ಹೋದರು. ಐದನೆಯ ದಿನದಿಂದ ಬರಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಹುಲ್ಲು ಕತ್ತರಿಗೆ ಬಂದಿತ್ತು. ಮೊದಲ ಟ್ರೇಯನ್ನು ಎತ್ತಿ ಮುಂದೆ ತಂದಿಡುವಾಗ ಸೂಜಿ ಸಿಸ್ಟರ್ ಬಂದಳು. ಲ್ಯಾಬಿನವಳು, ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತೆಗೆಯುತ್ತಾಳೆ. ಹೆಲ್ಮೆಟ್ ತೆಗೆಯುವ ಮೊದಲೇ ಮಾತು ಶುರು.

"ಅಕ್ಕಾ, ಬೇಗ ಏನಾದ್ರೂ ಕೊಡಿ. ಇವತ್ತು ಒಂದು ಮನೇಲೇ ಅರ್ಧ ಗಂಟೆ ಹೋಯ್ತು. ಸೂಜಿ ತೆಗೆದು ಹತ್ತಿ ಒತ್ತಿದ್ರೆ ರಕ್ತ ನಿಲ್ತಾನೇ ಇಲ್ಲ."

"ಯಾಕಂತೆ?"

"ರಕ್ತ ತೆಳು ಮಾಡೋ ಮಾತ್ರೆ ತಗೋತಾರೆ. ಎದೇಲಿ ಕವಾಟ ಹಾಕಿದ್ದಾರಲ್ಲ, ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತ. ವಿಚಿತ್ರ ಏನಂದ್ರೆ, ಆರು ತಿಂಗಳಿಂದ ಅವರ ರಿಪೋರ್ಟು ಗಟ್ಟಿ, ಗಟ್ಟಿ ಅಂತಾನೇ ಬರ್ತಿತ್ತು. ಡಾಕ್ಟ್ರು ಮಾತ್ರೆ ಏರಿಸಿದ್ರು, ಆಮೇಲೆ ಇನ್ನೊಂದು ಸಲ ಏರಿಸಿದ್ರು. ಇವತ್ತು ನೋಡಿದ್ರೆ ನೀರಿನ ಹಾಗೆ ಹರೀತಿದೆ."

ನನ್ನ ಕೈಯಲ್ಲಿ ಕತ್ತರಿ ಇತ್ತು. "ಗಟ್ಟಿ ಯಾಕೆ ಬರ್ತಿತ್ತು?"

"ಹಸಿರು ಸೊಪ್ಪು ಜಾಸ್ತಿ ತಿಂದ್ರೆ ಹಾಗಾಗುತ್ತೆ. ಸೊಪ್ಪು ರಕ್ತವನ್ನ ಆ ಕಡೆ ಎಳೆಯುತ್ತೆ, ಮಾತ್ರೆ ಈ ಕಡೆ. ಹಗ್ಗ ಜಗ್ಗಾಟ. ಆದ್ರೆ ಅವರ ಮನೇಲಿ ಸೊಪ್ಪೇ ತರಲ್ವಂತೆ. ನೀವು ಮಾತ್ರೆ ಬಿಸಾಕ್ತೀರಿ ಅಂತ ಮಗಳು ದಿನಾ ಬೈತಿದ್ಲು, ಇಲ್ಲಮ್ಮ ಅಂತ ಅವ್ರು ಆಣೆ ಹಾಕ್ತಿದ್ರು. ಪಾಪ. ಪಕ್ಕದಲ್ಲಿ ಕೂತ್ರೆ ಟಿಕ್ ಟಿಕ್ ಅಂತ ಕೇಳುತ್ತೆ ಕಣಕ್ಕಾ ಅವರ ಎದೆ."

ಕ್ಯಾರೆಟ್ ರಸ ಕುಡಿದು ಅವಳು ಹೊರಟಳು. ನಾನು ಅವಳನ್ನು ನಿಲ್ಲಿಸಿ ಹೇಳಬೇಕಿತ್ತು. ಗಾಡಿಯ ಸದ್ದು ತಿರುವಿನಲ್ಲಿ ಕರಗಿದ ಮೇಲೆ ರಸದ ಯಂತ್ರವನ್ನು ಬಿಚ್ಚಿ ತೊಳೆದೆ. ಆಗಲೇ ತೊಳೆದಿದ್ದ ಯಂತ್ರ. ಮತ್ತೊಮ್ಮೆ ತೊಳೆದೆ.

ಹಗ್ಗ ಜಗ್ಗಾಟದಲ್ಲಿ ಸೊಪ್ಪಿನ ಕಡೆ ನಿಂತಿದ್ದವಳು ನಾನು. ಆರು ತಿಂಗಳು ಎಳೆದೆ. ಎದುರಿನವರು ಜನ ಸೇರಿಸಿಕೊಂಡು ಇನ್ನೂ ಜೋರಾಗಿ ಎಳೆದರು. ಒಂಬತ್ತು ದಿನದ ಹಿಂದೆ, ಫ್ಯಾನು ಕೆಟ್ಟಿತು ಎಂದು ನಾನು ಹಗ್ಗವನ್ನೇ ಬಿಟ್ಟುಬಿಟ್ಟಿದ್ದೆ. ಕುಡಿಸಿದ್ದು ಒಂದು ತಪ್ಪು, ಹೇಳದೆ ಕೇಳದೆ ನಿಲ್ಲಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹುಲ್ಲು ತಾನೇ ಎಂದ ನನ್ನ ದನಿಯೇ ನನ್ನ ಕಿವಿಯಲ್ಲಿ ಕೂತು ಕುಟುಕತೊಡಗಿತು. ಹೆದರಿಕೆ ಎಂದರೆ ಹೆದರಿಕೆ. ಅವರ ಜೀವದ ಹೆದರಿಕೆ ಮೊದಲು, ಅಂಗಡಿಯ ಹೆದರಿಕೆ ಎರಡನೆಯದು. ಸುಳ್ಳು ಯಾಕೆ ಹೇಳಲಿ, ಎರಡೂ ಒಟ್ಟಿಗೇ ಬಂದವು.

ಅವರ ಮನೆ ಎಲ್ಲಿ ಎಂದು ನನಗೆ ಗೊತ್ತಿರಲಿಲ್ಲ. ಅವರದಾಗಲಿ ಸಿಸ್ಟರ್‌ದಾಗಲಿ ಫೋನ್ ನಂಬರ್ ಇರಲಿಲ್ಲ. ಆರು ತಿಂಗಳು ನನ್ನ ಸ್ಟೂಲಿನ ಮೇಲೆ ಕೂತವರ ಹೆಸರು ಕೂಡ ನಾನು ಕೇಳಿರಲಿಲ್ಲ. ಗೊತ್ತಿದ್ದದ್ದು ಮೆಡಿಕಲ್ ಶಾಪ್ ಒಂದೇ. ಷಟರ್ ಅರ್ಧ ಎಳೆದು, ಏಪ್ರನ್ ಬಿಚ್ಚುವುದನ್ನೂ ಮರೆತು ಹೊರಟೆ. ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ. ಸಿಗ್ನಲ್ ದಾಟಿ, ಹಣ್ಣಿನ ಗಾಡಿಗಳ ನಡುವೆ ನುಸುಳಿ, ಚಪ್ಪಲಿಯ ಪಟ್ಟಿ ಕಿತ್ತದ್ದನ್ನು ಕಾಲಲ್ಲೇ ಎಳೆದುಕೊಂಡು ಓಡಿದೆ.

ಮೆಡಿಕಲ್ ಶಾಪ್ ಬಾಗಿಲು ಹಾಕಿತ್ತು. ಪಕ್ಕದ ಜೆರಾಕ್ಸ್ ಅಂಗಡಿಯವನು ಕಾಗದದಿಂದ ತಲೆ ಎತ್ತದೆಯೇ ಹೇಳಿದ: "ಮೇಡಂ ಇಲ್ಲ. ಅವ್ರ ತಂದೆಗೆ ಮೂಗಿಂದ ರಕ್ತ ಬರ್ತಿದೆ ಅಂತ ಮನೆಯಿಂದ ಫೋನ್ ಬಂತು. ಎದುರುಗಡೆ ಆಸ್ಪತ್ರೆಗೇ ಕರ್ಕೊಂಡು ಬಂದ್ರು."

ರಸ್ತೆ ದಾಟಿದ್ದು ನೆನಪಿಲ್ಲ. ತುರ್ತು ವಿಭಾಗದಲ್ಲಿ ಹಸಿರು ಪರದೆಗಳ ಸಾಲು. ಮೂರನೆಯ ಪರದೆಯ ಸಂದಿಯಲ್ಲಿ ಅವರು ಕಂಡರು. ಒರಗಿ ಕೂರಿಸಿದ್ದರು, ಮೂಗಿಗೆ ಬಟ್ಟೆ ತುರುಕಿದ್ದರು, ಬಿಳಿ ಮೀಸೆ ಕೆಂಪಾಗಿತ್ತು. ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ಮೂಗು ಅವರದೇ ಅಚ್ಚು. ಮಗಳೆಂದು ಯಾರೂ ಹೇಳಬೇಕಾಗಿರಲಿಲ್ಲ.

ಡಾಕ್ಟರಮ್ಮ ಕೇಳುತ್ತಿದ್ದರು. "ರಕ್ತ ಇರಬೇಕಾದ್ದಕ್ಕಿಂತ ಮೂರರಷ್ಟು ತೆಳುವಾಗಿದೆ. ಮಾತ್ರೆ ಮರೆತು ಎರಡೆರಡು ಸಲ ತಗೊಂಡ್ರಾ?"

"ಸಾಧ್ಯಾನೇ ಇಲ್ಲ ಡಾಕ್ಟ್ರೇ" ಎಂದಳು ಮಗಳು. "ನಾನೇ ಕೈಯಾರೆ ಕೊಡ್ತೀನಿ. ನುಂಗಿದ್ಮೇಲೆ ಬಾಯಿ ತೆಗೆಸಿ ನೋಡ್ತೀನಿ."

"ಊಟದಲ್ಲಿ ಏನಾದ್ರೂ ಬದಲಾವಣೆ? ಸೊಪ್ಪು, ರಸ, ಪುಡಿ, ಬೇರೆ ಔಷಧಿ?"

ಯಜಮಾನರು ಕಣ್ಣು ಹೊರಳಿಸಿದರು. ಪರದೆಯ ಸಂದಿಯಲ್ಲಿ ನನ್ನನ್ನು ಕಂಡರು. ಕಂಡೇ ಹೇಳಿದರು, ಮೂಗು ಕಟ್ಟಿದ ದನಿಯಲ್ಲಿ. "ಏನೂ ಇಲ್ಲ."

ಅವರ ಹುಬ್ಬು ನನಗೆ ಹೋಗು ಎಂದಿತು. ಹೋಗಬಹುದಿತ್ತು. ಅಲ್ಲಿ ನನ್ನನ್ನು ಯಾರೂ ಕರೆದಿರಲಿಲ್ಲ. ಹೋಗಿ ಷಟರ್ ಎತ್ತಿ ಹುಲ್ಲು ಕತ್ತರಿಸಿದ್ದರೆ ನನ್ನ ಬೋರ್ಡು ಬೋರ್ಡಿನ ಜಾಗದಲ್ಲೇ ಇರುತ್ತಿತ್ತು. ನನ್ನ ಮರ್ಯಾದೆ ಉಳಿಸಲು ಆ ಸ್ಥಿತಿಯಲ್ಲಿ ಆ ಮನುಷ್ಯ ಸುಳ್ಳು ಹೇಳಿದರಲ್ಲ ಎಂದು ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಸುಳ್ಳು!" ಎಂದೆ. ಪಕ್ಕದ ಪರದೆಯವರೂ ಇಣುಕಿದರು. "ದಿನಾ ಒಂದು ಲೋಟ ಗೋಧಿ ಹುಲ್ಲಿನ ರಸ ಕುಡೀತಿದ್ರು. ಆರು ತಿಂಗಳು. ಹಿಂಡಿ ಕೊಟ್ಟವಳು ನಾನು. ಒಂಬತ್ತು ದಿನದಿಂದ ಕೊಟ್ಟಿಲ್ಲ, ಬೂಸ್ಟು ಹಿಡಿದಿತ್ತು. ಮಾತ್ರೆ ಇದೆ, ಕುಡೀಬಹುದಾ ಅಂತ ಕೇಳಿದ್ರು. ಏನಾಗುತ್ತೆ ಅಂದವಳೂ ನಾನೇ."

ಯಜಮಾನರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಮಗಳು ನನ್ನನ್ನು, ನನ್ನ ಏಪ್ರನ್ನಿನ ಮೇಲಿನ ಹಸಿರನ್ನು, ಕಿತ್ತ ಚಪ್ಪಲಿಯನ್ನು ನೋಡಿದಳು. ಡಾಕ್ಟರಮ್ಮ ಮಾತ್ರ ಪೆನ್ನು ತೆಗೆದು ಬರೆಯತೊಡಗಿದರು.

"ಈಗ ಲೆಕ್ಕ ಸರಿ ಹೋಯ್ತು" ಎಂದರು ಬರೆಯುತ್ತಲೇ. "ನೀವು ಹೇಳದಿದ್ರೆ ಎರಡು ದಿನ ಮಾತ್ರೆ ನಿಲ್ಲಿಸಿ, ಮತ್ತೆ ಅದೇ ದೊಡ್ಡ ಡೋಸ್ ಶುರು ಮಾಡ್ತಿದ್ವಿ. ವಾರದೊಳಗೆ ಮತ್ತೆ ರಕ್ತ ಹರೀತಿತ್ತು. ಮೂಗಲ್ಲಿ ಆದ್ರೆ ಕಾಣುತ್ತೆ, ತಲೆಯೊಳಗಾದ್ರೆ ಕಾಣಲ್ಲ. ಈಗ ಕೊಡ್ಬೇಕಾಗಿರೋ ಮದ್ದು ಏನು ಗೊತ್ತಾ? ವಿಟಮಿನ್ ಕೆ. ನಿಮ್ಮ ಹುಲ್ಲಲ್ಲಿ ಇರೋದೂ ಅದೇ."

"ಹಾಗಾದ್ರೆ ಈಗಲೇ ಒಂದು ಲೋಟ..." ನನ್ನ ಬಾಯಿ ಸುಮ್ಮನಿದ್ದರೆ ತಾನೆ.

"ಅಯ್ಯೋ, ಬೇಡಮ್ಮಾ! ಜಾಸ್ತಿಯಾದ್ರೆ ಕವಾಟದ ಮೇಲೆ ಹೆಪ್ಪುಗಟ್ಟುತ್ತೆ. ಅಳತೆ ಮಾಡಿ ಚೂರೇ ಚೂರು ಕೊಡ್ತೀವಿ. ಇಬ್ರೂ ಹೊರಗಿರಿ."

ಹೊರಗೆ ಒಂದು ಬೆಂಚು. ನಾನು ಕೂರಲಿಲ್ಲ. ಆ ಗೋಡೆಯಿಂದ ಈ ಗೋಡೆಗೆ ನಡೆದೆ. ಮಗಳು ಬೆಂಚಿನ ಪಕ್ಕ ಕೈಯಲ್ಲಿ ರಕ್ತದ ಕರವಸ್ತ್ರ ಹಿಡಿದು ನಿಂತಿದ್ದಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಬೈದುಬಿಡಿ" ಎಂದೆ. "ಬೋರ್ಡು ಇಳಿಸ್ತೀನಿ. ಇನ್ಮೇಲೆ ಯಾವ ಮಾತ್ರೆ ಅಂತ ಕೇಳದೆ ಯಾರಿಗೂ ಕೊಡಲ್ಲ. ಆದ್ರೆ ಮೊದಲು ನೀವು ಬೈದುಬಿಡಿ."

ಅವಳು ಕರವಸ್ತ್ರವನ್ನು ಬಿಡಿಸಿದಳು. ರಕ್ತ ತಾಗದ ಮೂಲೆಯೊಂದನ್ನು ಹುಡುಕಿ ನನ್ನ ಕಡೆ ಹಿಡಿದಳು. ಅಲ್ಲಿ ಒಗೆದು ಒಗೆದು ಮಾಸಿದ ಹಸಿರು ಕಲೆ ಇತ್ತು.

"ಅಪ್ಪನ ಕರವಸ್ತ್ರ ದಿನಾ ನಾನೇ ಒಗೆಯೋದು" ಎಂದಳು. "ಆರು ತಿಂಗಳಿಂದ ನೋಡ್ತಿದ್ದೀನಿ. ಎಲ್ಲೋ ಏನೋ ಕುಡಿದು ಬರ್ತಾರೆ ಅಂತ ಗೊತ್ತಿತ್ತು."

ನಾನು ನಡೆಯುವುದನ್ನು ನಿಲ್ಲಿಸಿದೆ. "ಕೇಳ್ಲಿಲ್ವಾ?"

"ಕೇಳಿದ್ರೆ ಅದನ್ನೂ ಬಿಡಿಸ್ಬೇಕಾಗ್ತಿತ್ತು. ಎಲ್ಲಾ ಬಿಡಿಸಿದ್ದೆ. ಬೆಳಿಗ್ಗೆ ಮನೆಗೆ ಬರೋವಾಗ ಅವ್ರ ಮುಖ ನೋಡ್ಬೇಕಿತ್ತು ನೀವು, ಕದ್ದು ತಿಂದು ಬಂದ ಮಕ್ಕಳ ಹಾಗೆ. ಅದೊಂದು ಇರಲಿ ಅಂತ ಸುಮ್ಮನಿದ್ದೆ." ಅವಳು ಕರವಸ್ತ್ರವನ್ನು ಮತ್ತೆ ಮಡಿಸಿದಳು, ಮತ್ತೆ ಬಿಡಿಸಿದಳು. "ರಿಪೋರ್ಟು ಗಟ್ಟಿ ಬಂದಾಗೆಲ್ಲ ಮಾತ್ರೆ ಬಿಸಾಕ್ತೀರಿ ಅಂತ ಬೈದೆ. ಇಷ್ಟು ವರ್ಷ ಮೆಡಿಕಲ್ ಶಾಪ್‌ನಲ್ಲಿ ನಿಂತು ಊರಿಗೆಲ್ಲ ಹೇಳ್ತೀನಿ, ಇದರ ಜೊತೆ ಅದು ತಗೋಬೇಡಿ ಅಂತ. ನಮ್ಮಪ್ಪನ ಜೇಬಲ್ಲಿ ಕಂಡಾಗ ಮಾತ್ರ, ಏನೋ ಹಸಿರು ತಾನೇ ಅಂದ್ಕೊಂಡೆ."

ಸಮಾಧಾನ ಹೇಳುವ ಯೋಗ್ಯತೆ ನನಗಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ನರ್ಸ್ ಪರದೆ ಸರಿಸಿ ತಲೆ ಹೊರಗೆ ಹಾಕಿದಳು. "ಮೂಗಿನ ರಕ್ತ ನಿಂತಿದೆ. ಇಲ್ಲಿ ಹುಲ್ಲಮ್ಮ ಅಂದ್ರೆ ಯಾರು?"

"ನಾನು" ಎಂದೆ.

"ನಿಮ್ಮ ಜೊತೆ ಮಾತಾಡಲ್ವಂತೆ. ಹೇಳು ಅಂದ್ರು."

ಮಗಳ ಬಾಯಿಂದ ನಗುವಿನಂಥದ್ದೊಂದು ಹೊರಟು, ಅರ್ಧದಲ್ಲೇ ಅಳುವಾಯಿತು. ಅವಳು ಕರವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡು ಬೆಂಚಿನ ಮೇಲೆ ಕುಸಿದಳು. ಕೊಂಚ ಸರಿದು ನನಗೂ ಜಾಗ ಬಿಟ್ಟಳು. ಅಂಗಡಿಯಲ್ಲಿ ಕತ್ತರಿಗೆ ಬಂದ ಹುಲ್ಲು ಇತ್ತು, ಷಟರ್ ಅರ್ಧ ತೆರೆದಿತ್ತು. ನಾನು ಅವಳ ಪಕ್ಕದಲ್ಲಿ ಕೂತೆ.