ದಡಕ್ಕೆ ತಂದ ಕಲ್ಲುಗಳು

ಪುಟ್ಟಮಾದಮ್ಮನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಆ ಬೋಳು ಬೆರಳಿಗೂ ತೋರುಬೆರಳಿಗೂ ನಡುವೆ ಪಾರ್ಕಿನ ಗುಲಾಬಿ ಟಿಕೆಟ್ಟು ಹೊಳೆಗಾಳಿಗೆ ಪಟಪಟ ಅನ್ನುತ್ತಿದೆ, ಹಾರಿಹೋದೀತೆಂದು ಅವಳು ಇನ್ನಷ್ಟು ಒತ್ತಿ ಹಿಡಿದಳು, ಮಗ ನಟರಾಜ ಬೇರೆ ಕಡೆ ನೋಡಿದ, ಬೇರೆ ಕಡೆ ಅಂದರೆ ಬೋರ್ಡು — ಐತಿಹಾಸಿಕ ನದಿತೀರ ಉದ್ಯಾನ, ನಂಜನಗೂಡು — ನೀಲಿಯ ಮೇಲೆ ಬಿಳಿ ಅಕ್ಷರ, ಕೆಳಗೆ ಸಣ್ಣದಾಗಿ ಮಹಾರಾಜರ ಕಾಲದ ಸೋಪಾನ, ಅತಿಥಿಗಳು ದೋಣಿ ಇಳಿಯುತ್ತಿದ್ದ ಸ್ಥಳ, ಹುಟ್ಟಿದಾಗಿನಿಂದ ಇದೇ ದಂಡೆಯಲ್ಲಿ ಕುಂಡಿ ತೊಳೆದವನು ತಾನು, ದೋಣಿ ಇಳಿದ ಒಬ್ಬ ಅತಿಥಿಯ ಹೆಸರನ್ನೂ ಕೇಳಿರಲಿಲ್ಲ, ಇನ್ನೂ ಕೆಳಗೆ ಸ್ಥಳೀಯ ಶಿಲೆಗಳನ್ನೇ ಬಳಸಿ ನಿರ್ಮಿಸಲಾಗಿದೆ ಅಂತ ಬೇರೆ, ಬರೆದವನ ಕೈ ಮುರಿಯಬೇಕು ಅನ್ನಿಸಿತು, ಬರೆದವನು ಯಾವನೋ ದಿನಗೂಲಿ ಪೇಂಟರು, ಅವನದೇನು ತಪ್ಪು. ಲೇ ನಟ್ರಾಜ, ನಮ್ ಕಲ್ ಮಡುಗಿರೋ ಗೋಡೌನು ಎಲ್ಲಿ ಮಾಡವ್ರ್ಲಾ, ಅಂದಳು ಅವ್ವ. ಒಳಗೆ ನಡಿಯವ್ವ, ನೋಡಾನ. ಇವತ್ ಬಾಗ್ಲು ತಗದಿರ್ತಾರೆ ತಾನೆ, ಪಾರ್ಕೇ ತಗದವ್ರಲ್ಲ. ಐದು ವರ್ಷದಿಂದ ಇದೇ ಪ್ರಶ್ನೆ, ಯುಗಾದಿಗೆ ಒಂದು ಸಲ, ಮಳೆಗಾಲದಲ್ಲಿ ಒಂದು ಸಲ, ತಿ. ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಅವನಿಗೆ ಗುಮಾಸ್ತಿಕೆ ಸಿಕ್ಕಿದ ದಿನವೂ ಬಾಯಿಗೆ ಸಕ್ಕರೆ ಹಾಕಿ ಅದನ್ನೇ ಕೇಳಿದಳು, ಈಗ್ಲಾರಾ ಗೋರ್ಮೆಂಟ್ ಆಳಾದೆ, ನನ್ ಕಲ್ ಈಸ್ಕೊಡ್ಲಾ.

ಕಲ್ಲು ಅಂದರೆ ಬಟ್ಟೆ ಒಗೆಯುವ ಕಲ್ಲು. ಮೇಲಿನ ಸೋಪಾನಕ್ಕೆ ತಮ್ಮ ಹೊಳೆಕೇರಿಯ ಹೆಂಗಸರು ಬಟ್ಟೆಗಂಟು ತರುವಂತಿರಲಿಲ್ಲ, ಬರೆದಿಟ್ಟ ನಿಯಮವೇನಲ್ಲ, ಬರೆದಿಡುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ, ಊರ ಚರಂಡಿ ಬಂದು ಬೀಳುವಲ್ಲಿಂದ ಕೆಳಗಿನ ಕೆಸರು ದಂಡೆಯೇ ಅವರದು, ಕೆಸರಲ್ಲಿ ಕಲ್ಲೆಲ್ಲಿ ಸಿಗಬೇಕು, ಅದಕ್ಕೇ ಹೊಳೆಕೇರಿಗೆ ಹೆಣ್ಣು ಕೊಡುವವನು ಕಲ್ಲನ್ನೂ ಕೊಡಬೇಕು — ಮದುವೆಯ ಮಾರನೇ ದಿನ ಹೆಣ್ಣಿನ ಅಪ್ಪ ಗಾಡಿಯಲ್ಲಿ ತಂದ ಕಲ್ಲನ್ನು ಹೊಳೆಗಿಳಿಸಿ ಅರಿಶಿನ ಹಚ್ಚುತ್ತಾನೆ, ಮದುಮಗಳು ಅದರ ಮೇಲೆ ಮೊದಲು ಒಗೆಯುವುದು ಗಂಡನ ಪಂಚೆಯನ್ನಲ್ಲ, ಅಪ್ಪನ ಹೆಗಲ ವಲ್ಲಿಯನ್ನು, ಹಿಂಡಿ ಕೊಟ್ಟು ಕಳಿಸುತ್ತಾಳೆ, ಅವ್ವನ ಅಪ್ಪ, ತಾತ ಹುಚ್ಚಯ್ಯ, ಬೇರೆಯವರ ಎತ್ತು ಕಟ್ಟಿ ಹೆಮ್ಮಿಗೆಯಿಂದ ಎರಡು ದಿನ ಗಾಡಿ ಹೊಡೆದು ತಂದಿದ್ದ, ಮೂರನೇ ಮಗಳೆಂದು ಕಲ್ಲಿನ ಅಂಚಿಗೆ ಮೂರು ಗೀಟು ಕೊರೆದಿದ್ದ, ಹಸಿ ವಲ್ಲಿ ಹಾಕಿಕೊಂಡು ತಿರುಗಿ ನೋಡದೆ ಹೋದನಂತೆ, ಬೆನ್ನೆಲ್ಲ ನೀರಂತೆ, ಆ ನೀರನ್ನು ಅವ್ವ ಇವತ್ತಿಗೂ ಹೇಳುತ್ತಾಳೆ. ಹಾಸ್ಟೆಲಿನಿಂದ ಬುದ್ಧನ ಪಟ ತಂದು ಗೋಡೆಗೆ ತಗುಲಿಸಿದ ವರ್ಷ ನಟರಾಜ ಭಾಷಣ ಮಾಡಿದ್ದ, ಕಲ್ಲಿಗೆ ಅರಿಶಿನ ಹಚ್ಚೋದು ಮೌಢ್ಯ ಅವ್ವ, ಅವಳು ಪಟದ ಧೂಳು ಒರೆಸುತ್ತಲೇ ಅಂದಳು, ಆಯ್ತು ಕಣ್ಲಾ, ನಿನ್ ಬುದ್ದನ್ ಬಟ್ಟೆ ಕೊಳೆ ಆಗಲ್ವಾ, ಅದ್ನ ಯಾವ್ ಕಲ್ ಮ್ಯಾಲ್ ಒಗಿಯಾನ ಏಳು.

ಹುಲ್ಲುಹಾಸು, ಹುಲ್ಲಿನ ಮೇಲೆ ನಡೆಯಬಾರದು, ಹೂ ಕೀಳಬಾರದು, ಬಟ್ಟೆ ಒಗೆಯಬಾರದು, ಬಟ್ಟೆ ಒಗೆಯಬಾರದು ಅನ್ನುವುದಕ್ಕೇ ಬೇರೆ ಬೋರ್ಡು, ಈಗ ಬರೆದಿಡುವ ಅಗತ್ಯ ಬಿದ್ದಿದೆ, ಅದರ ಪಕ್ಕದಲ್ಲೇ ಸಿಮೆಂಟಿನ ಹೆಂಗಸೊಬ್ಬಳು ಸೊಂಟ ಕೊಂಕಿಸಿ ಕೊಡ ಎತ್ತಿಕೊಂಡು ನಿಂತಿದ್ದಾಳೆ, ಮೈಗೆ ಕೆನೆ ಬಣ್ಣ, ತುಟಿಗೆ ಕೆಂಪು, ನಿಂತಿರುವ ಜಾಗ ಲೆಕ್ಕ ಹಾಕಿದರೆ ಕೇರಿಯ ಸಣ್ಣತಾಯಮ್ಮನ ಕಲ್ಲಿದ್ದ ಜಾಗ. ಇವ್ಳ್ಯಾರ್ಲಾ ಇವ್ಳು, ಅಂದಳು ಅವ್ವ, ಇಂಗ್ ಎತ್ಕಂಡ್ರೆ ನೀರೆಲ್ಲ ಸೀರೆ ಮ್ಯಾಲೇ. ನಕ್ಕಳು. ನಗಬೇಡ, ನಗಬೇಡ ಅವ್ವ, ಇನ್ನು ಸ್ವಲ್ಪ ಹೊತ್ತಿಗೆ ನೀನು — ಸಣ್ಣತಾಯಮ್ಮ ಇದ್ದಿದ್ದರೆ ಈ ಸಿಮೆಂಟಿನವಳ ಜುಟ್ಟು ಹಿಡಿಯುತ್ತಿದ್ದಳು, ಹೋದ ವರ್ಷ ಸತ್ತಳು, ಅವಳೂ ಸಾಯುವತನಕ ಕಲ್ಲೆಲ್ಲ ಗೋಡೌನಲ್ಲಿವೆ ಅಂತಲೇ ನಂಬಿದ್ದಳು. ತೊಂಬತ್ತೆಂಟರ ಬೇಸಿಗೆಯಲ್ಲಿ ಉದ್ಯಾನ ಸಮಿತಿ ಅನ್ನುವುದೊಂದು ಹುಟ್ಟಿ ಬೇವಿನ ಮರಕ್ಕೆ ನೋಟೀಸು ಅಂಟಿಸಿತು, ದಂಡೆ ಸಮ ಮಾಡಲಾಗುವುದು, ಓದಿ ಹೇಳಿದವನು ತಾನು, ಬಿಎ ಎರಡನೇ ವರ್ಷ, ತಲೆತುಂಬ ಹೋರಾಟ, ಮೆಷಿನ್ ಬಂದು ಕಲ್ಲನ್ನೆಲ್ಲ ಕೆಸರಲ್ಲಿ ಹೂತು ಹಾಕುತ್ತೆ, ಈಗಲೇ ಎತ್ತಿ ದಡದ ಮೇಲೆ ರಸ್ತೆ ಪಕ್ಕ ಜೋಡಿಸೋಣ, ನಾನು ಅರ್ಜಿ ಬರೀತೀನಿ. ಬ್ಯಾಡ ಬುಡು ಮಗ, ಕೆಸ್ರಲ್ಲೇ ಇರ್ಲಿ, ಹೊಳೆ ಏನು ಕಲ್ ತಿಂದ್ಕಳಲ್ಲ, ಅಂದಿದ್ದಳು ಅವ್ವ, ಅಂದಿದ್ದಳಲ್ಲ, ಓದಿಲ್ಲದವರಿಗೆ ಅರ್ಥವಾಗಲ್ಲ ಅಂತ ಕೂಗಾಡಿದ್ದ ತಾನು. ಮೂರು ದಿನ, ಗಂಡಸರೆಲ್ಲ ಕೂಲಿಗೆ, ಹೆಂಗಸರು ತೊಡೆಯುದ್ದ ಕೆಸರಲ್ಲಿ, ಹಾರೆ ಹಾಕಿ ಹಗ್ಗ ಬಿಗಿದು ಒಂದೊಂದೇ ಕಲ್ಲು ಉರುಳಿಸಿ ಏರಿಗೆ ಹತ್ತಿಸಿದರು, ತಾನು ಮೇಲೆ ನಿಂತು ಕೈ ಬೀಸುತ್ತ ಎಡಕ್ಕೆ ಬಲಕ್ಕೆ, ಬಿಎ ಓದ್ದೋನು ಏಳ್ದ ಅಂತ ಕಲ್ ಒತ್ಕಂಡಿದೀವಿ, ಎಂಎ ಓದಿದ್ರೆ ಬೆಟ್ಟಾನೇ ಒರ್ಸ್ತಿದ್ದ ಕಣ್ರೇ, ಅಂದಳು ಸಣ್ಣತಾಯಮ್ಮ, ಕೆಸರಲ್ಲಿ ನಿಂತೇ ಎಲ್ಲರೂ ನಕ್ಕರು, ಆ ನಗುವಿನಲ್ಲೇ ಹಗ್ಗ ಜಾರಿತು. ಮೂರು ಗೀಟಿನ ಕಲ್ಲೇ, ಅವ್ವನದೇ, ಹೆಬ್ಬೆರಳ ಮೇಲೆ. ಅವಳು ಸೆರಗು ಹರಿದು ಸುತ್ತಿಕೊಂಡು ಉಳಿದ ನಾಲ್ಕು ಕಲ್ಲು ಮುಗಿಸಿಯೇ ಮೇಲೆ ಬಂದಳು.

ಗುತ್ತಿಗೆದಾರ ಶಂಭುಲಿಂಗಪ್ಪ ಸ್ಕೂಟರ್ ನಿಲ್ಲಿಸಿ ರಾಶಿಯನ್ನು ಒಂದು ಸುತ್ತು ಹಾಕಿ ನೋಡಿದ, ಒಳ್ಳೇ ಕೆಲ್ಸ ಮಾಡಿದೀರಿ ಕಣ್ರಮ್ಮ, ನಮ್ ಆಳ್ಗಳು ನೀರಿಗಿಳಿದು ಇವನ್ನೆಳಿಯಕ್ಕೆ ವಾರ ಬೇಕಾಗ್ತಿತ್ತು, ಆ ಮಾತಿನ ಅರ್ಥ ಅಲ್ಲೇ ಅಷ್ಟು ಬೆತ್ತಲೆಯಾಗಿ ನಿಂತಿತ್ತು, ತನಗೆ ಕಾಣಲಿಲ್ಲ, ನಮ್ಮದು ಸಾ ಇವು, ಅರ್ಜಿ ಕೊಟ್ಟಿದೀವಿ, ಅಂದ ತಾನು, ಕೊಡಿ ಕೊಡಿ, ಅಂದ ಅವನು. ಸೀಲು ಬಿದ್ದ ಅರ್ಜಿಯ ಪ್ರತಿ ಈಗಲೂ ಟ್ರಂಕಿನಲ್ಲಿದೆ, ಸದರಿ ಹತ್ತೊಂಬತ್ತು ಕಲ್ಲುಗಳನ್ನು ನಾವೇ ದಡಕ್ಕೆ ತಂದು ಜೋಡಿಸಿರುತ್ತೇವೆ, ಎಂಥ ಕನ್ನಡ, ಎಂಥ ಜಂಬ. ಮುಂದಿನ ಶನಿವಾರ ಮೈಸೂರಿಂದ ಬಸ್ಸು, ತಾಂಡವಪುರದ ಹತ್ತಿರ ಪಕ್ಕದ ಸೀಟು ಖಾಲಿಯಾಗಿ ತಗಡೂರಿನ ದಿವ್ಯ ಬಂದು ಕೂತಳು, ಅದೇ ಕ್ಲಾಸಿನವಳು, ಟೌನಲ್ಲಿ ಎಲ್ಲಿ ನಿಮ್ಮನೆ ಅಂತ ಹಿಂದೊಮ್ಮೆ ಕೇಳಿದಾಗ ಪೇಟೆ ಹತ್ರ ಅಂದುಬಿಟ್ಟಿದ್ದ, ಪೇಟೆ ಹತ್ರ, ಎರಡೇ ಮಾತು, ಬಸ್ಸು ಸೇತುವೆಗೆ ಬಂತು, ಕಿಟಕಿಯಲ್ಲಿ ದಂಡೆ, ರಾಶಿ, ರಾಶಿಯ ಮೇಲೆ ಇಬ್ಬರು, ಸುತ್ತಿಗೆ ಮೇಲೆ ಹೋಗಿ ಕೆಳಗೆ ಬಿತ್ತು, ಸದ್ದು ಆಮೇಲೆ ಬಂತು, ಸೇತುವೆ ದಾಟಿದ ಕೂಡಲೇ ಸ್ಟಾಪು, ಕಂಡಕ್ಟರ್ ಕೂಗಿದ, ಹೊಳೆಕೇರಿಯವರು ಇಳ್ಕಳಿ. ಹೊಳೆಕೇರಿಯವರು. ತೊಡೆಯ ಮೇಲಿನ ಚೀಲ ಹಿಡಿದುಕೊಂಡು ಅವನು ಕೂತೇ ಇದ್ದ. ದಿವ್ಯ ನೋಟ್ಸಿನ ಬಗ್ಗೆ ಏನೋ ಹೇಳುತ್ತಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ತಗಡೂರಿನ ಬಸ್ಸಿಗೆ ತಾಸುಗಟ್ಟಲೆ ಕಾದು ಅವಳನ್ನು ಹತ್ತಿಸಿ, ಕೈ ಕೂಡ ಬೀಸಿ, ಹಿಂದಕ್ಕೆ ಓಡಿದ, ಓಡುವಷ್ಟರಲ್ಲಿ ಒಡೆದು ಸಮ ಮಾಡಿದ ಸೈಜುಗಲ್ಲು ಲಾರಿಗೇರಿತ್ತು, ನೆಲದಲ್ಲಿ ಬಿಳಿ ಪುಡಿ. ಕೂಲಿಯಿಂದ ಬಂದ ಅವ್ವ ಕೇಳಿದಳು, ಕಲ್ ಎಲ್ಲೋದೊ ಮಗ. ಸಮಿತಿಯವ್ರ ಗೋಡೌನಲ್ಲಿ ಅವೆ ಅವ್ವ, ಕೆಲ್ಸ ಮುಗುದ್ ಮ್ಯಾಲೆ ಕೊಡ್ತಾರಂತೆ.

ಎಲ್ಲಿ ಹೋದಳು ಇವಳು, ಇದೀಗ ಪಕ್ಕದಲ್ಲೇ ಇದ್ದಳಲ್ಲ, ಅಗೋ, ಹೊಳೆಯ ಕಡೆಯ ತಡೆಗೋಡೆಯ ಹತ್ತಿರ, ಬಗ್ಗಿಕೊಂಡು ಒಂದೊಂದೇ ಕಲ್ಲು ನೋಡುತ್ತ ಹೋಗುತ್ತಿದ್ದಾಳೆ, ಗೋಡೌನನ್ನು ಹುಡುಕುವವರು ಗೋಡೆಯ ಕಲ್ಲು ನೋಡುವುದಿಲ್ಲ, ಹಾಗಾದರೆ ಯಾವಾಗಿನಿಂದ, ಎಷ್ಟು ವರ್ಷದಿಂದ ಇವಳಿಗೆ — ಹುಲ್ಲಿನ ಮೇಲೆಯೇ ನಡೆದು ಹೋದ. ನಿಂತಿದ್ದಳು. ಮಂಡಿಯೆತ್ತರದಲ್ಲಿ ಸಿಮೆಂಟಿನ ಎರಡು ಪಟ್ಟಿಯ ನಡುವೆ ಒಂದು ಮೊಳದ ತುಂಡು, ಅಡ್ಡಡ್ಡ ಕೂರಿಸಿದ್ದಾರೆ, ಮೂರು ಗೀಟು ಒಂದರ ಮೇಲೊಂದು ಮಲಗಿವೆ. ಮಿಕ್ಕಿದ್ದೋ, ಅಂದಳು. ಒಡ್ದಾಕುದ್ರು. ಯಾವತ್ತು. ಆವತ್ತೇ. ನೀ ಕಂಡ್ಯಾ. ಶಂಭುಲಿಂಗಪ್ಪನನ್ನು ಬೈಯಬಹುದಿತ್ತು, ಸಮಿತಿಯನ್ನು, ಮಹಾರಾಜರನ್ನು, ದೋಣಿಯನ್ನು, ಬಾಯಿತುಂಬ ಬೈಗುಳವಿತ್ತು, ಐದು ವರ್ಷ ಕೂಡಿಟ್ಟದ್ದು, ಒಂದೂ ಬರಲಿಲ್ಲ, ಬಸ್ಸಲ್ಲಿದ್ದೆ ಅವ್ವ, ಅಂದ. ಇಳೀಬೋದಿತ್ತು ಕಣ್ಲಾ, ಅಂದಳು, ಬೈಯಲಿಲ್ಲ, ಸೊಪ್ಪಿಗೆ ಉಪ್ಪು ಸಾಲದು ಅನ್ನುವ ದನಿ, ಅದೇ ದನಿ. ದೂರದಿಂದ ಪಾರ್ಕಿನ ಕಾವಲುಗಾರ ಪೀಪಿ ಊದಿದ, ಏ ಅಮ್ಮೋ, ಗೋಡೆ ಮುಟ್ಟಂಗಿಲ್ಲ ಕಣಮ್ಮೋ, ತಾನು ಈಗಲಾದರೂ ಅವನ ಕಡೆ ತಿರುಗಿ ಕೂಗಬೇಕು, ಇದು ನಮ್ಮದು ಅಂತ, ಹೊಳೆಕೇರಿಯವರು ನಾವು ಅಂತ, ಪೀಪಿ ಇನ್ನೊಮ್ಮೆ, ಟಿಕೆಟ್ಟು ಹುಲ್ಲಿನ ಮೇಲೆ ಬಿದ್ದಿದೆ, ಬೋಳು ಹೆಬ್ಬೆರಳು ಮೊದಲನೇ ಗೀಟಿನಲ್ಲಿ, ಎರಡನೆಯದರಲ್ಲಿ, ಮೂರನೆಯದರಲ್ಲಿ, ಮತ್ತೆ ಮೊದಲನೆಯದರಲ್ಲಿ, ಬೋಳು ಹೆಬ್ಬೆರಳು. ಹತ್ತೊಂಬತ್ತು ಕಲ್ಲು. ಒಂದು ಉಗುರು.