ಅಕ್ಕನಿಗೆ ನಾನು ಓದಿ ಹೇಳದ ಸಾಲು

ನಮ್ಮ ಅಕ್ಕ ದೋಬ್ರಿಂಕಾಗೆ ಕಣ್ಣು ಕಾಣದು. ಶುಮೆನ್ ಊರಿನ ಅಂಧರ ಕಾರ್ಖಾನೆಯಲ್ಲಿ ಬ್ರಷ್ ಕಟ್ಟುತ್ತಿದ್ದಳು. ಅದು ಮುಚ್ಚಿ ಎರಡು ವರ್ಷವಾಯಿತು. ಅಂದಿನಿಂದ ಪ್ರತಿ ಸೋಮವಾರ ನಗರಸಭೆಯ ವೆಬ್‌ಸೈಟ್ ತೆರೆದು, ಖಾಲಿ ಇರುವ ಕೆಲಸಗಳನ್ನು ಓದಿ ಹೇಳುವುದು ತಂಗಿಯಾದ ನನ್ನ ಪಾಲಿಗೆ ಬಂತು.

"ಏನಾದ್ರೂ ಇದೆಯೇನೇ?" ಎನ್ನುವಳು.

"ನಿನಗಾಗೋವಂಥದ್ದು ಏನೂ ಇಲ್ಲ ಕಣಕ್ಕಾ" ಎನ್ನುವೆ.

ಒಂದು ದಿನ ಅಂಧರ ಸಂಘದ ವೆಸೆಲಿನ್ ಮನೆಗೆ ಬಂದರು. ಅವರಿಗೂ ಕಣ್ಣಿಲ್ಲ, ಆದರೆ ಕಂಪ್ಯೂಟರ್ ಕಲಿಸುತ್ತಾರೆ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ಎರಡು ತಂತ್ರಾಂಶ ಹಾಕಿಕೊಡುತ್ತೇನೆಂದರು.

"ನಾನಿರೋವಾಗ ಅವ್ಯಾಕೆ? ಯಂತ್ರಕ್ಕೆ ನನ್ನಷ್ಟು ಚೆನ್ನಾಗಿ ಓದೋಕೆ ಬರುತ್ತಾ?" ಎಂದೆ.

"ನೋಡೇಬಿಡೋಣ ರಾಡ್ಕಾ. ಒಂದೇ ಪುಟ. ಮೊದ್ಲು ನೀವೋದಿ, ಆಮೇಲೆ ಅವೆರಡೂ ಓದ್ಲಿ. ಒಂದು ನುಂಗಿದ್ದನ್ನ ಇನ್ನೊಂದು ಹೇಳುತ್ತೆ."

ನಾನು ಓದಿದೆ. ತೋಟದ ಆಳು, ಕಸದ ಲಾರಿಯ ಚಾಲಕ, ಅಷ್ಟೇ ಎಂದೆ. ಮೊದಲ ತಂತ್ರಾಂಶ ತಲೆಬರಹ ಓದಿ, "ಇಲ್ಲೊಂದು ಪಟ್ಟಿ" ಎಂದು ಮುಂದೆ ಹೋಯಿತು. ನನಗೆ ಒಳಗೊಳಗೇ ಸಮಾಧಾನ. ಎರಡನೆಯದು ಆ ಪಟ್ಟಿಯ ಒಂದೊಂದು ಸಾಲನ್ನೂ ಓದಿತು. ಆಸ್ಪತ್ರೆಗೆ ಟೆಲಿಫೋನ್ ಆಪರೇಟರ್ ಬೇಕು, ಅಂಧರಿಗೆ ಆದ್ಯತೆ. ಅರ್ಜಿಗೆ ಕೊನೆಯ ದಿನ ಕಳೆದ ಶುಕ್ರವಾರ.

ಅಕ್ಕ ನನ್ನ ಕಡೆ ತಿರುಗಿದಳು. "ಹೋದ ಸೋಮವಾರಾನೂ ಇದಿತ್ತಾ?"

"ಇತ್ತು."

"ನಿಂಗೆ ಕಾಣ್ಲಿಲ್ವಾ?"

ಕಂಡಿತ್ತು. "ಆಸ್ಪತ್ರೆ ಹತ್ರ ಅಷ್ಟು ದೊಡ್ಡ ರಸ್ತೆ... ನೀನು ಹೆಂಗೆ ದಾಟ್ತೀಯ ಅಂತ..." ಎಂದೆ.

"ಇಪ್ಪತ್ತು ವರ್ಷ ಕಾರ್ಖಾನೆಗೆ ಯಾರು ದಾಟಿಸಿದ್ರು ನನ್ನ? ದಾಟೋದು ನನ್ನ ಕೆಲ್ಸ ಕಣೇ. ನಿಂಗೆ ನಾನು ಹೇಳಿದ್ದು ಓದೋದು ಮಾತ್ರ."

ವೆಸೆಲಿನ್ ಎರಡೂ ತಂತ್ರಾಂಶಗಳನ್ನು ಬಳಸುವುದು ಹೇಗೆಂದು ಅಕ್ಕನಿಗೆ ಕಲಿಸಿ ಹೋದರು. ಈಗ ಅಕ್ಕ ತಾನೇ ಕೇಳಿಸಿಕೊಳ್ಳುತ್ತಾಳೆ. ಅಂಥ ಕೆಲಸ ಮತ್ತೆ ಬಂದಿಲ್ಲ. ಸೋಮವಾರ ನನ್ನನ್ನು ಏನೂ ಕೇಳುವುದಿಲ್ಲ.

ಕಣ್ಣು ಕಾಣದವರಿಗೆ ಓದಿ ಹೇಳುವವರೇ, ಇವತ್ತೇ ಅವರ ಕಂಪ್ಯೂಟರಿಗೆ ಓದುವ ತಂತ್ರಾಂಶ ಹಾಕಿಸಿ. ದುಡ್ಡು ಕೊಡದೆ ಸಿಗುವವೂ ಇವೆ. ಒಂದನ್ನೇ ನೆಚ್ಚಬೇಡಿ, ಒಂದೇ ಪುಟವನ್ನು ಎರಡರಲ್ಲೂ ಓದಿಸಿ ಹೋಲಿಸಿ ನೋಡಿ. ಯಂತ್ರ ಸಾಲು ಬಿಟ್ಟರೆ ತಿಳಿಯದೆ ಬಿಡುತ್ತದೆ. ನಾನು ತಿಳಿದೇ ಬಿಟ್ಟೆ.