ದೀಪದ ಮರೆ

ದೀಪ ಎರಡನೆಯ ಸಲ ಆರಿಹೋದಾಗ ಕೃಷ್ಣಾಬಾಯಿ ಬೆಂಕಿಪೆಟ್ಟಿಗೆ ಹಿಡಿದು ಮತ್ತೆ ಬಗ್ಗಿದರು. ಮುಂಜಾನೆ ವಾದಿರಾಜನನ್ನು ಮಲಗಿಸಿದ್ದ ಜಾಗದಲ್ಲಿ, ನಡುಮನೆಯ ನೆಲದ ಮೇಲೆ, ಅವರೇ ಅಕ್ಕಿಹಿಟ್ಟನ್ನು ಜರಡಿ ಹಿಡಿದು ತೆಳ್ಳಗೆ ಹರವಿ ನಡುವೆ ಹಣತೆ ಇಟ್ಟಿದ್ದರು. ಪಕ್ಕದ ಮನೆಯವರಾದ್ದರಿಂದ ಅವರಿಗೆ ಸೂತಕವಿರಲಿಲ್ಲ. ಆ ಹಿಟ್ಟಿನ ಮೇಲೆ ಹೋದವನ ಗುರುತು ಏನಾದರೂ ಮೂಡಿದೆಯೇ ಎಂದು ಮರುದಿನ ಬೆಳಿಗ್ಗೆ ನೋಡುವುದು ಪದ್ಧತಿ. ಅಲ್ಲಿಯವರೆಗೆ ದೀಪ ಆರಬಾರದು. ಆದರೆ ಹೆಣ ಹೋದ ಮನೆಯ ಎರಡೂ ಬಾಗಿಲು ತೆರೆದಿದ್ದವು. ಗಾಳಿ ಬೀದಿಯಿಂದ ಹೊಕ್ಕು ಹಿತ್ತಲಿಗೆ ಹೋಗುತ್ತಿತ್ತು.

ವಾದಿರಾಜನ ಹೆಂಡತಿ ಗೋಪಿಕಾ ಗೋಡೆಗೆ ಒರಗಿ ನೋಡುತ್ತಿದ್ದಳು. ಮುಂಜಾನೆಯಿಂದ ಅವಳು ಒಂದು ಮಾತೂ ಆಡಿರಲಿಲ್ಲ. ಅತ್ತುಬಿಟ್ಟರೆ ಚಲೋ ಎಂದು ಬಂದ ಹೆಂಗಸರು ತಮ್ಮತಮ್ಮಲ್ಲೇ ಅಂದುಕೊಂಡು ಹೋಗಿದ್ದರು.

"ದೇವರಕೋಣ್ಯಾಗ ಗಾಳಿಗೆ ಅಡ್ಡ ಇಡೂ ದೀಪದ ಮರಿ ಅದ ನೋಡ್ರಿ, ಬಿಳೇದು," ಎಂದರು ಅತ್ತೆ ಭಾಗೀರಥಿಬಾಯಿ. "ಅದನ್ನ ತರ್ರಿ. ಅವನ ಕೈಲೆ ಮಾಡಿದ್ದು, ಅವನ ದೀಪಕ್ಕ ಇರ್ಲಿ."

ಬೇಡವೆನ್ನಲು ಎತ್ತಿದ ಕೈಯನ್ನು ಗೋಪಿಕಾ ಹಾಗೆಯೇ ಇಳಿಸಿದಳು.

\*

ವಾದಿರಾಜ ಸವಣೂರಿನ ಸರ್ವೆ ಕಚೇರಿಯಲ್ಲಿ ನಕಾಶೆ ಬರೆಯುತ್ತಿದ್ದ. ವಾರವೆಲ್ಲ ಕಂಡವರ ಹೊಲಗಳ ಗಡಿ ಗೀರಿ, ರವಿವಾರ ಗಡಿಯಾರ ರಿಪೇರಿಯ ಉಸ್ಮಾನಸಾಬರ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಹೋಗಿ ಕೂಡುತ್ತಿದ್ದ. ಅವರ ಹೆಂಡತಿ ಹಾಜರಾಬಿ ಹಿತ್ತಲಲ್ಲಿ ಹೆಬ್ಬಾತು ಸಾಕಿದ್ದಳು. ಮೊಟ್ಟೆಯ ಎರಡೂ ತುದಿಗೆ ತೂತು ಹಾಕಿ, ಊದಿ ಬರಿದು ಮಾಡಿ, ತೊಳೆದು ಒಣಗಿಸಿ ಅವಳು ಕೊಟ್ಟರೆ, ಇವನು ಚಿಪ್ಪಿನ ಮೇಲೆ ಪೆನ್ಸಿಲಿನಿಂದ ಬಳ್ಳಿ ಬರೆಯುತ್ತಿದ್ದ. ಗಡಿಯಾರದವರ ಸಣ್ಣ ಬೈರಿಗೆಯಿಂದ ಚುಕ್ಕೆ ಚುಕ್ಕೆಯಾಗಿ ಕೊರೆದು, ಎಳೆಯಂಥ ಅರದಿಂದ ಅಂಚು ತೀಡುತ್ತಿದ್ದ. ಬೆರಳು ತುಸು ಬಿಗಿಯಾದರೂ ಬಿರುಕು ಬಿಡುತ್ತಿತ್ತು. ತಿಂಗಳುಗಟ್ಟಲೆ ಕೊರೆದದ್ದು ಎಷ್ಟೋ ಸಲ ಅಂಗೈಯಲ್ಲೇ ಪುಡಿಯಾಗುತ್ತಿತ್ತು.

ಎಪ್ಪತ್ತೈದನೆಯ ಇಸವಿಯಲ್ಲಿ, ಮದುವೆಯಾದ ಹೊಸತರಲ್ಲಿ, ಒಂದನ್ನು ಹತ್ತಿಯಲ್ಲಿ ಸುತ್ತಿ ಗೋಪಿಕಾಗೆ ತೋರಿಸಲು ತಂದ. ಮೊಟ್ಟೆಯ ಹೆಸರನ್ನೂ ಎತ್ತದ ಮಾಧ್ವರ ಮನೆ ಅದು. ಚಿಪ್ಪಿನ ಒಂದು ಮಗ್ಗಲು ತೆಗೆದು ಗೂಡಿನಂತೆ ಮಾಡಿದ್ದ. ಉಳಿದ ಮೈಯೆಲ್ಲ ಎಲೆಬಳ್ಳಿಯ ಜಾಳಿಗೆ. ಒಂದು ಕಡೆ ಬೈರಿಗೆ ಜಾರಿ, ಒಂದೆಲೆ ಮಾತ್ರ ಅಗಲವಾಗಿತ್ತು.

"ಇಲ್ಲೊಂದು ಕೆಟ್ತು," ಎಂದ.

"ಇರ್ಲಿ ಬಿಡ್ರಿ. ಅದೊಂದು ನೋಡಿದ್ರ ಸಾಕು, ನಿಮ್ಮ ಕೈದು ಅಂತ ಗೊತ್ತಾಗ್ತದ," ಎಂದು ಅವಳು ಅದನ್ನು ಗೋಡೆಯ ಮಾಡದಲ್ಲಿಟ್ಟಳು.

ಮರುದಿನ ಅದು ಮಾಡದಲ್ಲಿರಲಿಲ್ಲ. ದಂತದ್ದೆಂದು ತಿಳಿದು ಭಾಗೀರಥಿಬಾಯಿ ಅದನ್ನು ಮಡಿನೀರಿನಲ್ಲಿ ತೊಳೆದು, ದೇವರ ಮುಂದಿನ ನಂದಾದೀಪಕ್ಕೆ ಮರೆಯಾಗಿ ಇಟ್ಟಿದ್ದರು. ಊಟಕ್ಕೆ ಕೂತ ಮಗನನ್ನು, ಆನೆಯ ದಂತ ಎಲ್ಲಿ ಸಿಕ್ಕಿತೆಂದು ಕೇಳಿದರು. ಅವನು ತುತ್ತು ನುಂಗಿ ತಲೆ ತಗ್ಗಿಸಿದ. ಆಮೇಲೆ ಗಂಡ ಹೆಂಡತಿ ಇಬ್ಬರೂ ಹಿತ್ತಲಿಗೆ ಹೋಗಿ ಬಾಯಿ ಮುಚ್ಚಿಕೊಂಡು ನಕ್ಕರು.

ದಿನ ಹೋದಂತೆ ನಗು ಬರಲಿಲ್ಲ. ಏಕಾದಶಿ ಬಂದಾಗಲೆಲ್ಲ, ಇವತ್ತು ಹೇಳಿಬಿಡುತ್ತೇನೆ ಎನ್ನುತ್ತಿದ್ದ. ಬಳಪದ ಕಲ್ಲಿನಲ್ಲಿ ಅಂಥದೇ ಇನ್ನೊಂದು ಕೊರೆದು ಸುಮ್ಮನೆ ಬದಲಿಸಿಬಿಡಲು ನೋಡಿದ. ಕಲ್ಲು ಬೆಳಕನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಕಾಮಾಲೆಯಾಗಿ ಹಾಸಿಗೆ ಹಿಡಿದ ಮೇಲೂ, "ಅವ್ವಗ ಹೇಳ್ಬೇಕಿತ್ತು," ಎಂದ. ಆರಾಮಾದ ಮೇಲೆ ಹೇಳೋಣ, ಈಗ ಮಲಗಿರಿ ಎಂದು ಗೋಪಿಕಾ ಹೊದಿಕೆ ಸರಿಮಾಡಿದ್ದಳು.

\*

ಸುಡುಗಾಡಿನಿಂದ ಗಂಡಸರು ಒದ್ದೆ ಧೋತರದಲ್ಲಿ ಮರಳಿದರು. ಭಾಗೀರಥಿಬಾಯಿಯವರ ತಮ್ಮ, ಶಿಗ್ಗಾಂವದ ರಾಘಣ್ಣ, ದೀಪ ನೋಡಲು ಒಳಗೆ ಬಂದ. ಕೃಷ್ಣಾಬಾಯಿ ತಂದಿಟ್ಟಿದ್ದ ಮರೆಯನ್ನು ಎತ್ತಿದ. ತೂಕ ಸಿಗದೆ ಕೈ ತಟ್ಟನೆ ಮೇಲೆ ಹೋಯಿತು. ಉಗುರಿನಿಂದ ಬಡಿದು ನೋಡಿದ.

"ಅಕ್ಕಾ, ದಂತದ್ದು ಅಂದಿದ್ದಿ ಅಲ್ಲ. ಇದು ದಂತ ಅಲ್ಲ."

ಉಸ್ಮಾನಸಾಬರು ಮುಂಜಾನೆಯಿಂದ ಹೊರಗೆ ಕಟ್ಟೆಯ ಮೇಲೇ ಕೂತಿದ್ದರು. ರಾಘಣ್ಣ ಅದನ್ನು ಹಿಡಿದುಕೊಂಡೇ ಬಾಗಿಲಿಗೆ ಹೋದ.

"ಸಾಬ್ರ, ನಿಮ್ಮಲ್ಲೇ ಕೂತು ಮಾಡ್ತಿದ್ದನಂತಲ್ಲ. ಯಾತರದು ಇದು?"

ಉಸ್ಮಾನಸಾಬರು ಎದ್ದು ನಿಂತರು. ಅವರು ಅದನ್ನು ನೋಡಲಿಲ್ಲ; ಒಳಗಿದ್ದ ಗೋಪಿಕಾಳನ್ನು ನೋಡಿದರು. "ಹಾಲಗಲ್ಲರಿ," ಎಂದರು. "ಒಂದ ನಮೂನಿ ಹಾಲಗಲ್ಲು."

ಆ ಸುಳ್ಳು ಅಷ್ಟೇ ಸಾಕಿತ್ತು. ರಾಘಣ್ಣ ನಂಬದಿದ್ದರೂ ಭಾಗೀರಥಿಬಾಯಿ ನಂಬುತ್ತಿದ್ದರು. ಗೋಪಿಕಾ ಬಾಯಿ ತೆರೆದಳು. ದನಿ ಅವಳಿಗೇ ಬೇರೆ ಯಾರದೋ ಎನ್ನಿಸಿತು.

"ಬಾತಿನ ತತ್ತಿ ಅದು, ಅತ್ಯಾ. ನಿಮಗ ಹೇಳ್ಬೇಕಂತ ಭಾಳ ಸಲ ಬಾಯಿಗೆ ತಂದಿದ್ರು. ಧೈರ್ಯ ಆಗ್ಲಿಲ್ಲ ಅವರಿಗೆ."

ಕೃಷ್ಣಾಬಾಯಿ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಇಷ್ಟು ದಿನದ ಪೂಜೆ ನೀರುಪಾಲಾಯಿತು, ಮಠಕ್ಕೆ ಹೋಗಿ ಪ್ರಾಯಶ್ಚಿತ್ತ ಕೇಳಬೇಕು, ಮೊದಲು ಇದನ್ನು ಬೀದಿಗೆ ಎಸೆಯಬೇಕು ಎನ್ನುತ್ತ ರಾಘಣ್ಣ ಮೆಟ್ಟಿಲಿಳಿದ.

"ತಡಿ," ಎಂದರು ಭಾಗೀರಥಿಬಾಯಿ. ಬಾಗಿಲಿಗೆ ಬಂದು ಉಸ್ಮಾನಸಾಬರನ್ನು ಕೇಳಿದರು: "ಅದರಾಗಿನ ಜೀವ ಏನಾತು?"

"ಜೀವ ಇರ್ಲಿಲ್ಲರಿ, ಅವ್ವಾರ. ನಮ್ಮಲ್ಲಿ ಬರೇ ಹೆಣ್ಣು ಬಾತು. ಮರಿ ಆಗೂ ತತ್ತಿ ಅಲ್ಲರಿ ಅವು. ಗಂಡು ಗಿಂಡು ತಂದೀರೇನು ಅಂತ ಅವರು ಕೇಳಿ, ಆಮ್ಯಾಲೆ ಕೈಯಾಗ ಹಿಡಿಯೋರು. ನಮ್ಮಾಕಿ ನಕ್ಕು ಚಾಷ್ಟಿ ಮಾಡಾಕಿ."

"ಪ್ರತಿ ಸಲ ಕೇಳ್ತಿದ್ನ?"

"ಪ್ರತಿ ಸಲರಿ."

ಭಾಗೀರಥಿಬಾಯಿ ತಮ್ಮನ ಮುಂದೆ ಅಂಗೈ ಚಾಚಿದರು. ಅವನು ತಡೆದು, ಕೊನೆಗೆ ಇಟ್ಟ. ಅವರು ಇನ್ನೊಂದು ಕೈಯನ್ನೂ ಕೆಳಗೆ ಕೊಟ್ಟರು. ದೇವರ ಮುಂದೆ ಇಟ್ಟದ್ದೆಂದು ರಾಘಣ್ಣ ಮತ್ತೆ ಶುರು ಮಾಡಿದ.

"ಇನ್ನ ದೇವರ ಮುಂದ ಇಡೂದಿಲ್ಲ," ಎಂದರು. ಗೋಪಿಕಾಳ ಪಕ್ಕದಿಂದ ಹಾಯುವಾಗ ನಿಂತರು, ಮುಖ ನೋಡಲಿಲ್ಲ. "ಇಷ್ಟು ವರ್ಷ ಇಬ್ಬರೂ ಒಂದ ಒಲಿ ಮುಂದ ಕೂತ್ವಿ. ನೀನೂ ಹೇಳ್ಲಿಲ್ಲ."

ಗೋಪಿಕಾಳ ಕಣ್ಣಿನಿಂದ ನೀರು ಇಳಿಯತೊಡಗಿತ್ತು.

ಭಾಗೀರಥಿಬಾಯಿ ನೆಲಕ್ಕೆ ಕೂತು, ಚಿಪ್ಪಿನ ತೆರೆದ ಮಗ್ಗಲನ್ನು ಉರಿಯ ಕಡೆ ತಿರುಗಿಸಿ, ಗಾಳಿಗೆ ಅಡ್ಡವಾಗಿ ಇಟ್ಟರು. ಬೆಳಗಿನವರೆಗೆ ಕದಡದಂತೆ ಹಿಟ್ಟಿನ ಮೇಲೆ ಕವುಚಲು ಕೃಷ್ಣಾಬಾಯಿ ಬುಟ್ಟಿ ತಂದರು. ಅದನ್ನು ಯಾರೂ ಇಸಿದುಕೊಳ್ಳಲಿಲ್ಲ. ಬೀದಿಯ ಗಾಳಿ ಬಂದಿತು. ದೀಪ ಬಾಗಿ, ಮತ್ತೆ ನೆಟ್ಟಗಾಯಿತು. ಕಿಟಕಿಯಿಲ್ಲದ ನಡುಮನೆಯ ಮಬ್ಬಿನಲ್ಲಿ ಹಿಟ್ಟಿನ ಮೇಲೆಲ್ಲ ಸಣ್ಣ ಸಣ್ಣ ಬೆಳಕಿನ ಎಲೆಗಳು ಬಿದ್ದಿದ್ದವು. ಅವುಗಳ ನಡುವೆ ಒಂದು ಮಾತ್ರ, ಉಳಿದವಕ್ಕಿಂತ ತುಸು ಅಗಲ.